ಕಂದಕದಾಚೆ ನಿಂತ ಕಪ್ತಾನ

“ಏ ಮುಂಡೆ, ಕಿವಿಗೇನು ಸಗಣಿ ಮೆತ್ಕಂಡಿದ್ದೀಯ? ಕಪ್ತಾನ್ರು ಕರೀತಾವ್ರೆ ಅಂದೆ.”

ಸಾರ್ಜೆಂಟ್ ಮೆಲಿತೋನ್ ಕುದುರೆಯಿಂದ ಇಳಿಯುವ ಗೋಜಿಗೂ ಹೋಗಿರಲಿಲ್ಲ. ತೊರಿಬಿಯಾ ಮೊಣಕಾಲುದ್ದ ಕೆರೆಯ ನೀರಿನಲ್ಲಿ ನಿಂತು ಮುರಿದ ಗಾಡಿಯ ಹಲಗೆಯೊಂದಕ್ಕೆ ಬಟ್ಟೆ ಬಡಿಯುತ್ತಿದ್ದಳು. ಪಂಪಾ ಬಯಲಿನಲ್ಲಿ ಎಂಟು ದಿನ ನಡೆದರೂ ಒಗೆಯಲು ಒಂದು ಕಲ್ಲು ಸಿಗುವುದಿಲ್ಲ. ಆ ಕೆರೆಯ ಉಪ್ಪುನೀರಿಗೆ ಸಾಬೂನು ನೊರೆಯೂ ಕಟ್ಟುವುದಿಲ್ಲ. ಬಟ್ಟೆಯ ಕೊಳೆ ಹೋಗಬೇಕಾದರೆ ಹೆಂಗಸಿನ ರಟ್ಟೆಯೇ ಸವೆಯಬೇಕು.

“ಕೇಳಿಸ್ತು ಸಾರ್ಜೆಂಟ್ರೆ,” ಎಂದಳು ತೊರಿಬಿಯಾ, ಕೈಯಲ್ಲಿದ್ದುದನ್ನು ಬಿಡಿಸಿ ಎತ್ತಿ ಹಿಡಿದು. “ಇದು ಅವರ ಒಳಚಡ್ಡಿನೇಯ. ಇಂಗೇ ಇಡ್ಕಂಡು ಬರ್ಲೋ, ಇಂಡ್ಬುಟ್ಟು ಬರ್ಲೋ?”

ಪಕ್ಕದಲ್ಲಿ ಒಗೆಯುತ್ತಿದ್ದ ಹಸಿಂತಾ ತನ್ನ ಎಂಟು ತಿಂಗಳ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಕ್ಕಳು. ಮೆಲಿತೋನ್ ಚಾಟಿಯ ತುದಿಯಿಂದ ತೊರಿಬಿಯಾಳ ಗಲ್ಲವನ್ನು ಎತ್ತಿದ.

“ನಗು ನಗು. ಭಾನುವಾರ ಆದ್ಮೇಲೆ ಈ ಬಾಯಿ ನನ್ ಗುಡಿಸ್ಲಲ್ಲಿ ಇರ್ತೈತೆ. ಆಗ ನೋಡ್ಕತೀನಿ.”

ಅವನು ಹೋದ ಮೇಲೆ ತೊರಿಬಿಯಾ ಗಲ್ಲವನ್ನು ಉಪ್ಪುನೀರಿನಲ್ಲಿ ತೊಳೆದುಕೊಂಡಳು.

ಅವಳ ಗಂಡ ಅನ್ಸೆಲ್ಮೋ ಸತ್ತು ಇಪ್ಪತ್ತೆರಡು ದಿನವಾಗಿತ್ತು. ಅವನು ಸತ್ತದ್ದು ಯುದ್ಧದಲ್ಲಲ್ಲ. ಕಪ್ತಾನನಿಗೆ ಒಂದು ಕೆಂಗಂದು ಕುದುರೆಯನ್ನು ಪಳಗಿಸಿಕೊಡಲು ಹೋಗಿ, ಅದು ಎತ್ತಿ ಹಾಕಿದ ಏಟಿಗೆ ಕುತ್ತಿಗೆ ಮುರಿದಿತ್ತು. ಕುದುರೆಯೂ ಉರುಳಿ ಬಿದ್ದು ಅದರ ಕಾಲು ಮುರಿಯಿತು. ಕಪ್ತಾನ ಎರಡು ದಿನ ಊಟ ಬಿಟ್ಟ. ಕುದುರೆಗಾಗಿ.

ಕಪ್ತಾನ ಅರೆಚೆಯಾ ತನ್ನ ಕೋಣೆಯ ನೆರಳಿನಲ್ಲಿ ಕುಳಿತು ಸೋರೆಬುರುಡೆಯಿಂದ ಮಾಟೆ ಕಷಾಯ ಹೀರುತ್ತಿದ್ದ. ಪಟ್ಟಣದ ದೊಡ್ಡ ಮನೆತನದವನು. ಉಪ್ಪುಕೆರೆ ಕೋಟೆಯೆಂಬ ಈ ಮಣ್ಣಿನ ಗೋಡೆ, ಈ ಕಂದಕ, ಈ ಹದಿನೆಂಟು ಜನ ಹರಕು ಸಿಪಾಯಿಗಳು ತನ್ನ ಹಣೆಯಲ್ಲಿ ಯಾಕೆ ಬರೆದಿವೆಯೋ ಎಂಬಂತೆ ಸದಾ ದಿಗಂತವನ್ನೇ ನೋಡುತ್ತಿದ್ದ. ಈಗಲೂ ಅವಳ ಮುಖ ನೋಡಲಿಲ್ಲ.

“ಇಪ್ಪತ್ತೆರಡು ದಿನದಿಂದ ಸರ್ಕಾರದ ಮಾಂಸ ತಿನ್ನುತ್ತಿದ್ದೀಯ.”

“ಮಾಂಸ ಕಂಡು ತಿಂಗಳ ಮೇಲಾಯ್ತು ಸ್ವಾಮಿ. ಬಿಸ್ಕತ್ತು ತಿಂದಿವ್ನಿ. ಉಳ ಬಿದ್ದಿದ್ ದಿನ ಅದನ್ನೇ ಮಾಂಸ ಅಂದ್ಕತೀವಿ.”

“ನಾಲಿಗೆ ಉದ್ದ ಇದೆ. ಕೇಳು ಹೆಣ್ಣೇ. ಪಡಿ ಸಿಪಾಯಿಗೆ. ಸಿಪಾಯಿ ಇದ್ದರೆ ಅವನ ಹೆಂಗಸಿಗೂ ಅರ್ಧ ಪಡಿ. ಸಿಪಾಯಿ ಇಲ್ಲ, ಪಡಿ ಇಲ್ಲ. ಭಾನುವಾರದೊಳಗೆ ಒಬ್ಬನನ್ನ ಕಟ್ಟಿಕೊ. ಮೆಲಿತೋನ್ ಕೇಳಿದ್ದಾನೆ. ಬೇಡ ಅಂದರೆ ಗಂಟು ಕಟ್ಟು, ಬಾಗಿಲು ತೆಗೆಸಿಕೊಡ್ತೀನಿ.”

ಬಾಗಿಲಾಚೆ ಏನಿದೆಯೆಂದು ಇಬ್ಬರಿಗೂ ಗೊತ್ತಿತ್ತು. ಹತ್ತಿರದ ಹಳ್ಳಿಗೆ ಎಂಟು ದಿನದ ದಾರಿ, ನಡುವೆ ಹುಲ್ಲು ಮತ್ತು ಗಾಳಿ. ಮೆಲಿತೋನನ ಗುಡಿಸಲಲ್ಲಿ ಏನಿದೆಯೆಂಬುದೂ ಗೊತ್ತಿತ್ತು. ಅವನ ಮೊದಲ ಹೆಂಗಸು ಒಂದು ಕಣ್ಣು ಕಳೆದುಕೊಂಡು ಓಡಿಹೋಗಿದ್ದಳು. ಎರಡನೆಯವಳಿಗೆ ಓಡುವುದಕ್ಕೂ ಆಗಿರಲಿಲ್ಲ.

“ಸ್ವಾಮಿ, ಅನ್ಸೆಲ್ಮೋ ಕಾಯ್ತಿದ್ದ ಕಾವಲು ನಾನೇ ಕಾಯ್ತೀನಿ. ಕುದ್ರೆ ಮಂದೆ ಈಗ್ಲೂ ನಾನೇ ಮೇಯಿಸ್ತಿರೋದು. ಬಂದೂಕು ಒರಸೋದು, ಗಾಯ ಕಟ್ಟೋದು, ದಂಡು ಒಂಟಾಗ ಇಂದ್ಗಡೆ ಕುದ್ರೆ ಒಡ್ಕಂಡು ಬರೋದು ಎಲ್ಲಾ ನಾವೇಯ. ಅವನ ಪಡಿ ನನ್ನೆಸ್ರಿಗೆ ಬರ್ಕೊಳ್ಳಿ.”

ಕಪ್ತಾನನಿಗೆ ಮಾಟೆ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ನಿಂತಿದ್ದ ಸಾರ್ಜೆಂಟನ ಕಡೆ ತಿರುಗಿದ. “ಲಂಗ ಕಾವಲು ಕಾಯುತ್ತಂತೆ ಕೇಳಿದೆಯಾ ಮೆಲಿತೋನ್? ನಾಳೆ ನನ್ನ ಕೋಳಿ ಬಂದು ಕರ್ನಲ್ ಮಾಡಿ ಅನ್ನುತ್ತೆ.” ಒರೆಸಿಕೊಂಡು ಕೈ ಬೀಸಿದ. “ಭಾನುವಾರ. ಹೋಗು.”

ಸಂಜೆ ಒಲೆಯ ಸುತ್ತ ಏಳು ಹೆಂಗಸರೂ ಸೇರಿದ್ದರು. ಕುದಿಯುವ ಮಡಕೆಯಲ್ಲಿ ಜೋಳ ಬಿಟ್ಟರೆ ಬೇರೇನೂ ಇರಲಿಲ್ಲ. ಸುದ್ದಿ ಆಗಲೇ ಎಲ್ಲರಿಗೂ ತಲುಪಿತ್ತು.

“ನನ್ನೋನ್ನ ತಗಂಡೋಗು ಕಣೆ,” ಎಂದಳು ಹಸಿಂತಾ. “ಗೊರಕೆ ಬಿಟ್ಟಿ ಕೊಡ್ತೀನಿ.”

“ನನ್ನೋನು ಅದ್ಕಿಂತ ವಾಸಿ,” ಎಂದಳು ಪೆತ್ರೋನಾ. “ವರ್ಸಕ್ಕೆ ಒಂದ್ಸಲ ಸ್ನಾನ ಮಾಡ್ತಾನೆ. ಈ ವರ್ಸದ್ದು ಆಗೋಯ್ತು, ನಿಂಗೆ ಅದರ ತಾಪತ್ರಯನೂ ಇಲ್ಲ.”

ನಿಕಾನೋರಜ್ಜಿ ಮಾತ್ರ ನಗಲಿಲ್ಲ. ಇಪ್ಪತ್ತು ವರ್ಷದಿಂದ ದಂಡಿನ ಹಿಂದೆ ನಡೆದು ಕಾಲಿನ ಬೆರಳು ಗೊರಸಾಗಿದ್ದ ಮುದುಕಿ ಅವಳು. ಆ ಕೋಟೆಯ ಒಬ್ಬೊಬ್ಬ ಗಂಡಸಿನ ಮೈಯಲ್ಲೂ ಅವಳು ಹಾಕಿದ ಒಂದು ಹೊಲಿಗೆಯಾದರೂ ಇತ್ತು. ಕಾರ್ಪೊರಲ್ ಹೆರ್ವಾಸಿಯೋ ಎಂಬ ಸಾಧು ಮನುಷ್ಯ ಅವಳ ಗಂಡ. ಕಾಲು ಮುರಿದುಕೊಂಡು ಒಂದು ತಿಂಗಳಿಂದ ಚಾಪೆಯ ಮೇಲಿದ್ದ.

“ನೀನೇನ್ ಮಾಡೀಯೆ ಅಮ್ಮಿ?” ಎಂದು ಕೇಳಿದಳು ಮುದುಕಿ.

“ಮೆಲಿತೋನ್ ಕೂಡ ಇರೋ ಬದ್ಲು ನಡ್ಕಂಡೋಗ್ತೀನಿ ಅಜ್ಜಿ.”

“ಸಾಯ್ತೀಯ.”

“ಸಾಯೋದು ಎರಡ್ ಕಡೆನೂ ಅದೇ ತಾನೆ. ಅಲ್ಲಾದ್ರೆ ಗಾಳಿ ಚೆನ್ನಾಗೈತೆ.”

ಅಜ್ಜಿ ಸೌಟಿನಿಂದ ಅವಳ ತಲೆಗೆ ಮೆತ್ತಗೆ ಒಂದು ಕೊಟ್ಟಳು. “ಇನ್ನೂ ಮೂರ್ ದಿನ ಐತೆ. ಮೂರ್ ದಿನದಲ್ಲಿ ದೇವ್ರು ಪ್ರಪಂಚನೇ ಅರ್ಧ ಕಟ್ಟಿದ್ದ. ತಿನ್ನು.”

ಶುಕ್ರವಾರ ಬೆಳಿಗ್ಗೆ ಪಕ್ಕದ ಕೋಟೆಯಿಂದ ಒಬ್ಬ ಸವಾರ ಏದುಸಿರು ಬಿಡುತ್ತ ಬಂದ. ಯಾರೋ ಅಲ್ಲಿಯ ಕುದುರೆಗಳನ್ನು ಹೊಡೆದುಕೊಂಡು ಹೋಗಿದ್ದರು. ಕಪ್ತಾನನ ಮುಖ ಅರಳಿತು. ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿರುವ ದೊಡ್ಡವರ ಕಣ್ಣಿಗೆ ಬೀಳಲು ಅವನು ಎರಡು ವರ್ಷದಿಂದ ಕಾಯುತ್ತಿದ್ದ. ನಿಲ್ಲಬಲ್ಲ ಗಂಡಸರನ್ನೆಲ್ಲ, ಓಡಬಲ್ಲ ಕುದುರೆಗಳನ್ನೆಲ್ಲ ಕರೆದುಕೊಂಡು ಹೊರಟ. ಹೊರಡುವ ಮುನ್ನ ಹೆಂಗಸರನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ.

“ಸತ್ತವರ ಕೋಟು, ಹರಿದ ಕೋಟು ಉಗ್ರಾಣದಲ್ಲಿವೆ. ಹಾಕಿಕೊಂಡು ಗೋಡೆಯ ಮೇಲೆ ತಿರುಗಾಡುತ್ತಿರಿ. ದೂರದಿಂದ ನೋಡಿದವರಿಗೆ ಇಲ್ಲಿ ಗಂಡಸರಿದ್ದಾರೆ ಅನ್ನಿಸಬೇಕು. ನಾನು ಬಂದ ಕೂಡಲೆ ಒಗೆದು, ಮಡಿಸಿ ಇಡಬೇಕು. ಹೇನು ಬಿಟ್ಟೀರಿ ಜೋಕೆ.” ಆಮೇಲೆ ಕಾರ್ಪೊರಲ್ ಮಲಗಿದ್ದ ಕಡೆ ತಿರುಗಿದ. “ಹೆರ್ವಾಸಿಯೋ, ಕೋಟೆ ನಿನ್ನ ಜವಾಬ್ದಾರಿ. ಗುಟ್ಟುಮಾತು ದಿನಾ ಸಂಜೆ ಬದಲಾಗಬೇಕು, ಕಾನೂನು ಪುಸ್ತಕದಲ್ಲಿ ಇರುವ ಹಾಗೆ. ಸೂರ್ಯ ಮುಳುಗಿದ ಮೇಲೆ ಗುಟ್ಟುಮಾತು ಹೇಳದ ಯಾವ ಸೂಳೆಮಗನಿಗೂ ಬಾಗಿಲು ತೆಗೆಯಕೂಡದು. ನಮ್ಮಪ್ಪ ಬಂದರೂ ಸರಿ. ತೆಗೆದವರನ್ನ ನಾಲ್ಕು ಗೂಟಕ್ಕೆ ಕಟ್ಟಿ ಬಿಸಿಲಿಗೆ ಹಾಕ್ತೀನಿ.”

“ಆಗಲಿ ಸ್ವಾಮಿ,” ಎಂದ ಕಾರ್ಪೊರಲ್ ಮಲಗಿದಲ್ಲೇ ಕೈಯೆತ್ತಿ ಸಲಾಂ ಮಾಡಿ.

ದಂಡು ಧೂಳಾಗಿ ಮರೆಯಾಯಿತು. ಹೆಂಗಸರು ಉಗ್ರಾಣಕ್ಕೆ ನುಗ್ಗಿದರು. ನೀಲಿ ಕೋಟುಗಳಲ್ಲಿ ಕೆಲವಕ್ಕೆ ಗುಂಡಿಯಿಲ್ಲ, ಕೆಲವಕ್ಕೆ ತೋಳಿಲ್ಲ, ಒಂದರ ಬೆನ್ನಿನಲ್ಲಿ ಈಟಿ ಹೊಕ್ಕ ತೂತಿತ್ತು. ಹಸಿಂತಾಳ ಹೊಟ್ಟೆಗೆ ಹಿಡಿಸಿದ್ದು ಸಾರ್ಜೆಂಟನ ಹಳೆಯ ಕೋಟು ಮಾತ್ರ.

“ಸರಿಯಾಗೈತೆ,” ಎಂದಳು ಪೆತ್ರೋನಾ. “ಅವನ ಒಟ್ಟೆನೂ ಇಂಗೇ ಇರೋದು. ಅವನ ಒಟ್ಟೇಲಿ ಏನೈತೆ ಅನ್ನೋದೇ ಗೊತ್ತಿಲ್ಲ.”

ತೊರಿಬಿಯಾ ಅನ್ಸೆಲ್ಮೋನ ಕೋಟನ್ನೇ ತೊಟ್ಟಳು. ಲಂಗ ಬಿಚ್ಚಿ ಅವನ ಚಲ್ಲಣವನ್ನೂ ಏರಿಸಿದಳು. ಎರಡು ಹೆಜ್ಜೆ ಹಾಕಿದಳು. ಕಾಲಿಗೆ ಏನೂ ತೊಡರಲಿಲ್ಲ. ಅಂಗಳವನ್ನು ಸುಮ್ಮನೆ ಒಂದು ಸುತ್ತು ಓಡಿ ಬಂದಳು.

“ಯಾಕೆ ಓಡ್ದೆ?” ಎಂದಳು ಅಜ್ಜಿ.

“ಓಡಕ್ಕಾಯ್ತದೆ ಅದ್ಕೆ,” ಎಂದಳು ತೊರಿಬಿಯಾ.

ಶನಿವಾರ ಮಧ್ಯಾಹ್ನ, ಕಾವಲಿನ ಅಟ್ಟಣೆ ಏರಿದ್ದ ಪೆತ್ರೋನಾ ಮೇಲಿಂದಲೇ ಕೂಗಿದಳು. ಪಡುವಣದಿಂದ ಸವಾರರು ಬರುತ್ತಿದ್ದರು. ಮೂವತ್ತಕ್ಕೆ ಕಮ್ಮಿಯಿಲ್ಲ. ಬಿದಿರಿನ ಉದ್ದುದ್ದ ಈಟಿಗಳು ಬಿಸಿಲಿಗೆ ಮಿಂಚುತ್ತಿದ್ದವು.

ಕೋಟೆಯಲ್ಲಿ ಉಳಿದಿದ್ದ ಬಂದೂಕು ನಾಲ್ಕು, ಗುಂಡು ಹನ್ನೊಂದು. ಕಾರ್ಪೊರಲ್ ಚಾಪೆಯ ಮೇಲೆ ಎದ್ದು ಕುಳಿತು ಕನ್ಯೆ ಮೇರಿಯನ್ನು ಕರೆಯತೊಡಗಿದ. ಅಜ್ಜಿ ಒಲೆಯ ಮಸಿ ತಂದು ಒಬ್ಬೊಬ್ಬರಿಗೂ ಮೀಸೆ ಬರೆದಳು. “ಅಲ್ಲಾಡ್ಬ್ಯಾಡ ಕಣೆ, ನಿಂದು ಒಂದ್ ಕಡೆ ಬಿಷಪ್ಪನ ಮೀಸೆ ಆಗೋಯ್ತು.” ಹೆದರಿಕೆಯಲ್ಲೂ ನಗು ತಡೆಯಲಾಗದೆ ಏಳು ಮೀಸೆಗಳು ಗೋಡೆಯ ಮೇಲೆ ಸಾಲಾಗಿ ಎದ್ದು ನಿಂತವು. ಬಂದೂಕು ಸಿಗದ ಮೂವರು ಪೊರಕೆಗಳನ್ನೇ ಹೆಗಲಿಗೇರಿಸಿಕೊಂಡಿದ್ದರು.

ಸವಾರರು ಕೂಗಳತೆಯಲ್ಲಿ ನಿಂತರು. ತೊರಿಬಿಯಾ ಕಣ್ಣು ಕಿರಿದು ಮಾಡಿ ನೋಡಿದಳು. ಬಯಲಿನ ಮೂಲನಿವಾಸಿಗಳೇ, ಆದರೆ ದಾಳಿಗೆ ಬಂದ ದಂಡಲ್ಲ. ಕುದುರೆಗಳ ಪಕ್ಕೆಲುಬು ಎಣಿಸಬಹುದಿತ್ತು. ಹಿಂದಿನ ಸಾಲಿನಲ್ಲಿ ಚರ್ಮದ ಡೇರೆಗಳ ಹೊರೆ, ಹೊರೆಯ ಮೇಲೆ ಕೂಸುಗಳು. ಈಟಿ ಹಿಡಿದವರಲ್ಲಿ ಅರ್ಧಕ್ಕರ್ಧ ಹೆಂಗಸರು.

ಗುಂಪಿನಿಂದ ಒಬ್ಬ ಮುದುಕಿ ಕುದುರೆಯನ್ನು ಮುಂದೆ ನಡೆಸಿಕೊಂಡು ಬಂದಳು. ತನ್ನ ಮಾತಿನಲ್ಲಿ ಏನೋ ಕೂಗಿದಳು. ಗೋಡೆಯ ಮೇಲಿದ್ದವರಲ್ಲಿ ಅದು ಅರ್ಥವಾದದ್ದು ತೊರಿಬಿಯಾಳಿಗೆ ಮಾತ್ರ. ಅದು ಅವಳ ತಾಯಿಯ ಮಾತು. ತಾಯಿ ಹತ್ತು ವರ್ಷದವಳಿದ್ದಾಗ ಸಿಪಾಯಿಗಳು ಅವಳನ್ನು ಡೇರೆಯಿಂದ ಎತ್ತಿ ತಂದು ಅಂಗಡಿಯವನೊಬ್ಬನ ಮನೆಯ ಚಾಕರಿಗೆ ಕೊಟ್ಟಿದ್ದರು. ಆಕೆ ಬೆಳಗಿನಿಂದ ಬೈಗಿನವರೆಗೆ ಸ್ಪ್ಯಾನಿಷಿನಲ್ಲಿ ಬೈಸಿಕೊಂಡು, ಮಗಳಿಗೆ ಜೋಗುಳ ಮಾತ್ರ ತನ್ನ ಮಾತಿನಲ್ಲಿ ಹಾಡುತ್ತಿದ್ದಳು.

“ನೀರು ಕೇಳ್ತಾವ್ಳೆ,” ಎಂದಳು ತೊರಿಬಿಯಾ. ಸಿಹಿನೀರಿನ ಬಾವಿ ಕಂದಕದ ಹೊರಗೆ, ಗೋಡೆಯಿಂದ ಹಾರಿಸಿದ ಗುಂಡಿಗೆ ಸಿಕ್ಕುವಷ್ಟು ಹತ್ತಿರದಲ್ಲಿತ್ತು. ಸುತ್ತ ಎರಡು ದಿನದ ದಾರಿಯಲ್ಲಿ ಬೇರೆ ಸಿಹಿನೀರಿರಲಿಲ್ಲ.

“ಗುಂಡು ಹಾರ್ಸಬೇಕು,” ಎಂದು ಕೆಳಗಿನಿಂದ ಕಾರ್ಪೊರಲ್ ಒರಲಿದ. “ಉಕುಂ ಐತೆ. ಕಂಡ ತಕ್ಷಣ ಹಾರ್ಸಬೇಕು.”

“ಮುಚ್ಕಂಡು ಮಲಕ್ಕೊ,” ಎಂದಳು ಅವನ ಹೆಂಡತಿ. “ಅನ್ನೊಂದು ಗುಂಡು, ಮೂವತ್ತು ಈಟಿ. ಲೆಕ್ಕ ಬರ್ತದಾ ನಿಂಗೆ?”

ತೊರಿಬಿಯಾ ಗಂಟಲನ್ನು ದಪ್ಪ ಮಾಡಿಕೊಂಡು, ಗಂಡುದನಿಯಲ್ಲಿ, ಯಾರು ನೀವು, ಎಲ್ಲಿಗೆ ಹೊರಟಿರಿ ಎಂದು ತಾಯಿಯ ಮಾತಿನಲ್ಲಿ ಕೇಳಿದಳು. ಮುದುಕಿ ಕುದುರೆಯ ಮೇಲೆ ಸೆಟೆದು ಕುಳಿತಳು. ಸ್ವಲ್ಪ ಹೊತ್ತು ಗೋಡೆಯ ಮೇಲಿನ ಮೀಸೆಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಹೊಟ್ಟೆಯ ಆಳದಿಂದ ನಗತೊಡಗಿದಳು.

“ಏ ಮೀಸೆಯೋನೆ,” ಎಂದಳು. “ನಿನ್ ಮಾತು ನಮ್ ಸೋದರತ್ತೆ ಮಾತಿನಂಗೇ ಐತಲ್ಲ. ಕೂಸಿಗೆ ತಾಚಿ ಮಾಡ್ಸೋ ರಾಗದಲ್ಲಿ ಯಾವ ಸಿಪಾಯಿ ಮಾತಾಡ್ತಾನೆ?”

ತೊರಿಬಿಯಾಳಿಗೂ ನಗು ತಡೆಯಲಾಗಲಿಲ್ಲ. ಟೋಪಿ ತೆಗೆದಳು. ಜಡೆ ಜಾರಿ ಬಿತ್ತು. ಕಂದಕದ ಆಚೆಯೂ ಈಚೆಯೂ ಹೆಂಗಸರು ಒಬ್ಬರನ್ನೊಬ್ಬರು ನೋಡಿ ನಕ್ಕರು. ನಗುವುದಕ್ಕೆ ಭಾಷೆ ತಿಳಿಯಬೇಕಾದ್ದೇನೂ ಇರಲಿಲ್ಲ.

ಆದರೂ ಬಂದೂಕು ಇಳಿಸಲಿಲ್ಲ, ಈಟಿಯೂ ಇಳಿಯಲಿಲ್ಲ. ತೊರಿಬಿಯಾ ಒಬ್ಬಳೇ ಹಲಗೆ ಸೇತುವೆ ದಾಟಿ ಬಾವಿಯ ಬಳಿಗೆ ಹೋದಳು. ಮುದುಕಿಯ ಹೆಸರು ಕಲ್ಫುರಾಯ್. ಅವರ ಹುಲ್ಲುಗಾವಲನ್ನು ಮೊನ್ನೆ ಮೊನ್ನೆ ಸರ್ಕಾರದ ಇನ್ನೊಂದು ದಂಡು ಸುಟ್ಟಿತ್ತು. ದಕ್ಷಿಣಕ್ಕೆ, ಗುಡ್ಡಗಳ ಕಡೆ ಹೊರಟಿದ್ದರು. ಅವಳ ಮಗನ ಗುಂಪು, ಗಾಯಗೊಂಡವರನ್ನು ಹೊತ್ತುಕೊಂಡು, ಎರಡು ದಿನದ ದಾರಿಯಷ್ಟು ಹಿಂದಿನಿಂದ ಬರುತ್ತಿತ್ತು.

“ಹತ್ತತ್ತು ಜನ ಬಂದು ನೀರು ಕುಡ್ಸ್ಕಳ್ಳಿ. ಈಟಿ ದೂರ ಇಟ್ಟು ಬರ್ಬೇಕು,” ಎಂದಳು ತೊರಿಬಿಯಾ.

“ನಿನ್ ಕಪ್ತಾನ ಒಪ್ತಾನಾ?”

“ಅವನ್ನ ಕೇಳಕ್ಕೆ ಅವನಿಲ್ವಲ್ಲ.”

ಕಲ್ಫುರಾಯ್ ಅವಳ ಕೋಟನ್ನು ಬೆರಳಿನಿಂದ ಮುಟ್ಟಿ ನೋಡಿದಳು. “ಇದು ತೊಟ್ಕಂಡೋರೇ ನನ್ ಡೇರೆ ಸುಟ್ಟಿದ್ದು. ಯಾವ ಕಡೆಯೋಳು ನೀನು?”

ತೊರಿಬಿಯಾ ಕೊಡವನ್ನು ಬಾವಿಗೆ ಇಳಿಬಿಟ್ಟಳು. “ಸದ್ಯಕ್ಕೆ ಬಾವಿ ಕಡೆಯೋಳು,” ಎಂದು ಹಗ್ಗ ಎಳೆದಳು.

ಸಂಜೆಯವರೆಗೆ ನೀರು ಸೇದಿದರು. ಹಸಿಂತಾಳ ಹೊಟ್ಟೆಯನ್ನು ಮುದುಕಿ ಮುಟ್ಟಿ ನೋಡಿ ಹೆಣ್ಣು ಎಂದಳು, ನಿಕಾನೋರಜ್ಜಿ ಮುಟ್ಟಿ ನೋಡಿ ಗಂಡು ಎಂದಳು, ಇಬ್ಬರೂ ತಂತಮ್ಮ ಭಾಷೆಯಲ್ಲಿ ಜಗಳವಾಡಿದರು. ಹೊರಡುವಾಗ ಕಲ್ಫುರಾಯ್ ಎರಡು ಹೆಣ್ಣುಕುದುರೆಗಳನ್ನು ಬಾವಿಯ ಗೂಟಕ್ಕೆ ಕಟ್ಟಿಸಿದಳು. ನಡೆಯಲಾಗದ ಮುದಿ ಕುದುರೆಗಳು. ಆದರೆ ತಿಂಗಳಿಂದ ಹುಳದ ಬಿಸ್ಕತ್ತು ತಿಂದವರಿಗೆ ಅದು ಮದುವೆಯೂಟ.

“ಗಂಡ ಇಲ್ಲ ಅಂದ್ಯಲ್ಲ,” ಎಂದಳು ತೊರಿಬಿಯಾಳಿಗೆ. “ನಮ್ ಜೊತೆ ಬಂದ್ಬುಡು.”

ತೊರಿಬಿಯಾ ಕುದುರೆಯ ಕತ್ತು ಸವರಿದಳು. “ಬಂದ್ರೆ ಓಡೋದೋಳು ಅಂತಾರೆ. ಆರು ವರ್ಸ ಈ ಮಣ್ಣಿನ ಗೋಡೆ ನಾನೂ ಮೆತ್ತಿವ್ನಿ. ಅಷ್ಟು ಸಲೀಸಾಗಿ ಬುಟ್ಕೊಡಲ್ಲ.”

ಅಂದು ಸಂಜೆ ಹೆಂಗಸರೆಲ್ಲ ಕೈಗೆ ಜಿಡ್ಡಾಗುವಂತೆ ಮಾಂಸ ತಿಂದರು. ಕಾರ್ಪೊರಲ್ ಮಾತ್ರ ತಿನ್ನುತ್ತ ಅಳುತ್ತಿದ್ದ. “ನನ್ನ ಗೂಟಕ್ಕೆ ಕಟ್ತಾನೆ ಕಣ್ರೆ.”

“ದಿನಚರಿ ಪುಸ್ತಕ ತಗಿ,” ಎಂದಳು ಅಜ್ಜಿ. “ಬರಿ. ಮೂವತ್ತು ಈಟಿಯೋರು ಬಂದ್ರು. ಕೋಟೆ ಬಿದ್ದಿಲ್ಲ. ಒಂದ್ ಗುಂಡೂ ಖರ್ಚಾಗಿಲ್ಲ. ಇದ್ರಲ್ಲಿ ಸುಳ್ಳೆಲ್ಲೈತೆ ತೋರ್ಸು.”

ಅವನು ಎಷ್ಟು ಯೋಚಿಸಿದರೂ ಸುಳ್ಳು ಸಿಗಲಿಲ್ಲ. ಬರೆದ.

ಭಾನುವಾರ ಸೂರ್ಯ ಮುಳುಗಿ, ಬಾನು ಇನ್ನೂ ಕೆಂಪಗಿದ್ದಾಗ ದಂಡು ಮರಳಿತು. ಹೋಗುವಾಗ ಧೂಳೆಬ್ಬಿಸಿ ಹೋದವರು ಬರುವಾಗ ಕಾಲೆಳೆಯುತ್ತ ಬಂದರು. ಮೊದಲ ಬೆಳಗಿನ ಜಾವವೇ ಯಾರೋ ಅವರ ಕುದುರೆಗಳ ಕಟ್ಟು ಬಿಚ್ಚಿ ಓಡಿಸಿಬಿಟ್ಟಿದ್ದರು. ಹಿಡಿದುಕೊಂಡು ಬಂದವರ ಕೈಗೆ ಸಿಕ್ಕಿದ್ದು ಮೂರು. ಕಪ್ತಾನನ ಕುದುರೆ ಆ ಮೂರರಲ್ಲಿ ಇರಲಿಲ್ಲ. ಅವನ ಬೆಳ್ಳಿಗುಬ್ಬಿಯ ಜೀನನ್ನು ಒಬ್ಬ ಸಿಪಾಯಿ ತಲೆಯ ಮೇಲೆ ಹೊತ್ತಿದ್ದ. ಗೋಡೆಯ ಒಳಗಿನಿಂದ ಸುಟ್ಟ ಮಾಂಸದ ವಾಸನೆ ಬರುತ್ತಿತ್ತು. ಗಂಡಸರು ಮೂಗೆತ್ತಿ ನಿಂತರು.

“ಬಾಗಿಲು,” ಎಂದು ಕೂಗಿದ ಕಪ್ತಾನ.

“ಯಾರು ಅಲ್ಲಿ? ಗುಟ್ಟುಮಾತು ಯೋಳಿ,” ಎಂದು ಗೋಡೆಯ ಮೇಲಿಂದ ತೊರಿಬಿಯಾ ಬಂದೂಕು ಚಾಚಿದಳು.

“ಜಯ,” ಎಂದ ಕಪ್ತಾನ, ಹಲ್ಲು ಕಚ್ಚಿ.

“ಅದು ಶುಕ್ರವಾರದ್ದು ಸ್ವಾಮಿ. ದಿನಾ ಬದ್ಲಾಯ್ಸಿ ಅಂದಿದ್ರಿ.”

“ಹೆರ್ವಾಸಿಯೋ, ಎಲ್ಲಿದ್ದೀಯೋ ಬೋಳಿಮಗನೆ.”

ಒಳಗಿನಿಂದ ಕಾರ್ಪೊರಲನ ನಡುಗುವ ದನಿ ಬಂತು. “ನಮ್ಮಪ್ಪ ಬಂದ್ರೂ ತಗೀಬೇಡ ಅಂದಿದ್ರಿ ಸ್ವಾಮಿ. ತಗೆದ್ರೆ ಗೂಟ ಅಂದಿದ್ರಿ.” ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಅವನ ಬಾಯಿಗೆ ಒಂದು ತುಂಡು ಮಾಂಸವಿಟ್ಟಳು.

“ಇವತ್ತಿನ ಗುಟ್ಟುಮಾತು ಕಷ್ಟದ್ದೇನಲ್ಲ,” ಎಂದಳು ತೊರಿಬಿಯಾ. “ಕೋಟೆ ಕಾದೋರ ಎಸ್ರು. ಏಳು ಜನದ್ದು. ಯೋಳಿ, ಬನ್ನಿ, ಉಣ್ಣಿ.”

ಗಾಳಿ ಬೀಸಿತು. ಕಪ್ತಾನ ಗೋಡೆಯ ಮೇಲಿನ ಕೋಟುಗಳನ್ನು ನೋಡಿದ. ಎರಡು ವರ್ಷ ತನ್ನ ಬಟ್ಟೆ ಒಗೆದ, ರೊಟ್ಟಿ ಸುಟ್ಟ, ಹುಣ್ಣು ತೊಳೆದ ಮುಖಗಳು. ಒಂದಕ್ಕೂ ಹೆಸರು ಗೊತ್ತಿರಲಿಲ್ಲ.

ಹಿಂದಿನಿಂದ ಒಬ್ಬ ಸಿಪಾಯಿ ತಡೆಯಲಾರದೆ ಕೂಗಿದ. “ಹಸಿಂತಾ. ಹಸಿಂತಾ ಪೆರಾಲ್ತಾ. ನನ್ನೆಂಡ್ತಿ.”

“ಒಂದು,” ಎಂದಳು ತೊರಿಬಿಯಾ.

“ಪೆತ್ರೋನಾ.” “ಉರ್ಸುಲಾ.” “ಫೆಲಿಪಾ, ಅಲ್ವೇನೆ, ನಿನ್ ಪೂರ್ತಿ ಎಸ್ರೇನೆ?” “ದಲ್ಮಾಸಿಯಾ.” ಒಬ್ಬೊಬ್ಬ ಗಂಡನೂ ಕೂಗಿದ. ಅಜ್ಜಿಯ ಹೆಸರಿಗೆ ಹದಿನೇಳು ಜನವೂ ಒಟ್ಟಿಗೆ ಕೂಗಿದರು, “ನಿಕಾನೋರಾ.” ಅವರ ಮೈಯ ಹೊಲಿಗೆಗಳೇ ಕೂಗಿದಂತಿತ್ತು.

“ಆರು,” ಎಂದಳು ತೊರಿಬಿಯಾ. “ಇನ್ನೊಂದು.”

ಆ ಒಂದು ಹೆಸರು ಕೂಗಬೇಕಾದವನು ಕೆರೆಯ ದಂಡೆಯಲ್ಲಿ ಮಣ್ಣಿನಡಿ ಮಲಗಿದ್ದ.

“ಮುಂಡೆ,” ಎಂದು ಕಿರುಚಿದ ಮೆಲಿತೋನ್. “ನಿನ್ನೆಸ್ರು ಮುಂಡೆ ಅಂತ. ತಗಿ ಬಾಗ್ಲು.”

“ತಪ್ಪು,” ಎಂದಳು ತೊರಿಬಿಯಾ. “ಸಾರ್ಜೆಂಟ್ರು ಇನ್ನೊಂದ್ಸಲ ಬಾಯಿ ತಗೆದ್ರೆ ಬೆಳಗ್ಗೆವರ್ಗೂ ತಗಿಯಲ್ಲ.” ಹದಿನಾರು ಹಸಿದ ಗಂಡಸರು ಮೆಲಿತೋನನ ಕಡೆ ತಿರುಗಿ ನೋಡಿದರು. ಅವನು ಬಾಯಿ ಮುಚ್ಚಿದ.

ಕಪ್ತಾನ ಪಕ್ಕದ ಸಿಪಾಯಿಯನ್ನು ಕೇಳಿದ. “ಅವಳ ಹೆಸರೇನೋ?”

ಆ ಸಿಪಾಯಿ ಅನ್ಸೆಲ್ಮೋನ ಜೊತೆ ಆರು ವರ್ಷ ಒಂದೇ ಕಂಬಳಿಯಲ್ಲಿ ಮಲಗಿದವನು. ತೊರಿಬಿಯಾಳ ಕೈಯಡುಗೆ ಉಂಡವನು. ಗೋಡೆಯ ಕಡೆ ನೋಡಿದ, ನೆಲ ನೋಡಿದ. “ಗೊತ್ತಿಲ್ಲ ಸ್ವಾಮಿ.”

ಇನ್ನೊಬ್ಬನನ್ನು ಕೇಳಿದ. “ಕೇಳೇ ಇಲ್ಲ ಸ್ವಾಮಿ.” ಮತ್ತೊಬ್ಬ. “ನಾಲಿಗೆ ತುದೀಲೈತೆ ಸ್ವಾಮಿ, ಬರ್ತಾ ಇಲ್ಲ.” ಹೊಟ್ಟೆ ಬೆನ್ನಿಗೆ ಅಂಟಿದ್ದರೂ ಒಬ್ಬನೂ ಹೇಳಲಿಲ್ಲ. ಸಾಲಿನ ಕೊನೆಯಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಆ ನಗು ಸಾಲುದ್ದಕ್ಕೂ ಮೆಲ್ಲಗೆ ಹರಿಯಿತು.

“ನಿನ್ನ ಹೆಸರೇನೇ?” ಎಂದು ಕಪ್ತಾನ ಕೊನೆಗೆ ಗೋಡೆಯ ಕಡೆ ಕೂಗಿದ.

“ಗಾಳಿ ಜೋರೈತೆ. ಏಕವಚನ ಇಲ್ಲೀಗಂಟ ಬರ್ತಾ ಇಲ್ಲ ಸ್ವಾಮಿ.”

ಕೆಂಪು ಬಾನು ಬೂದಿಯಾಗುತ್ತಿತ್ತು. ಕಪ್ತಾನನ ಬೂಟಿನ ಅಟ್ಟೆ ಕಿತ್ತು ಬಂದಿತ್ತು. ಎರಡು ದಿನದಿಂದ ಉಪ್ಪುನೀರು ಕುಡಿದು ತುಟಿ ಒಡೆದಿದ್ದವು. ಅವನು ಟೋಪಿ ಸರಿಮಾಡಿಕೊಂಡ. ಮೊದಲ ಸಲ ಅವಳ ಮುಖವನ್ನು ನೆಟ್ಟಗೆ ನೋಡಿದ.

“ನಿಮ್ಮ ಹೆಸರೇನಮ್ಮ?”

“ತೊರಿಬಿಯಾ ಲೂನಾ.”

“ತೊರಿಬಿಯಾ ಲೂನಾ,” ಎಂದ ಕಪ್ತಾನ.

“ಏಳು. ವಸಿ ನಿಂತ್ಕಳಿ.” ಅವಳು ಒಳಗೆ ತಿರುಗಿ ಕೂಗಿದಳು. “ಕಾರ್ಪೊರಲ್ಲಣ್ಣ, ಕಪ್ತಾನ್ರು ಎಲ್ರ ಮುಂದೆ ಎಸ್ರು ಯೋಳವ್ರೆ. ಹಾಜರಿ ಪುಸ್ತಕದಲ್ಲಿ ಅನ್ಸೆಲ್ಮೋ ಲೂನಾ ಅಂತ ಇರೋ ಕಡೆ ತೊರಿಬಿಯಾ ಅಂತ ತಿದ್ದು. ಪೂರ್ತಿ ಪಡಿ, ಅರ್ಧ ಅಲ್ಲ.”

ಲೇಖನಿ ಕೆರೆಯುವ ಸದ್ದು ಮುಗಿಯುವವರೆಗೆ ದಂಡು ಹೊರಗೆ ನಿಂತಿತ್ತು. ಆಮೇಲೆ ಹಲಗೆ ಸೇತುವೆ ಇಳಿಯಿತು.

ಗೂಟ, ಗೂಟ ಎನ್ನುತ್ತಲೇ ಕಪ್ತಾನ ಒಳಗೆ ಬಂದ. ದಿನಚರಿ ಪುಸ್ತಕ ತೆರೆದು ಓದಿದ ಮೇಲೆ ತೆಪ್ಪಗಾದ. ಮೂವತ್ತು ಈಟಿಯವರನ್ನು ಹೆಂಗಸರು ಒಂದು ಗುಂಡಿಲ್ಲದೆ ತಡೆದರು ಎಂದು ಬರೆದಿತ್ತು. ಕೆಳಗೆ, ಕಾನೂನಿನ ಪ್ರಕಾರ ಗುಟ್ಟುಮಾತು ಕೇಳಿ ದಂಡನ್ನು ಒಳಗೆ ಬಿಡಲಾಯಿತು ಎಂದೂ ಇತ್ತು. ಶಿಕ್ಷೆ ಕೊಟ್ಟರೆ ಕಾರಣ ಬರೆಯಬೇಕು. ಕಾರಣ ಬರೆದರೆ ಹದಿನೈದು ಕುದುರೆ ಕಳೆದುಕೊಂಡದ್ದನ್ನೂ, ಕಂದಕದಾಚೆ ನಿಂತದ್ದನ್ನೂ ಬರೆಯಬೇಕು. ಪುಸ್ತಕದ ಹಾಳೆಗಳಿಗೆ ಸರ್ಕಾರದವರು ನಂಬರು ಹಾಕಿದ್ದರು, ಹರಿಯುವ ಹಾಗೂ ಇರಲಿಲ್ಲ. ಅವನು ಪುಸ್ತಕ ಮುಚ್ಚಿ ಮಾಂಸ ಕೇಳಿದ. ಕೊಟ್ಟರು.

ಸೋಮವಾರ ಬೆಳಿಗ್ಗೆ ಅವನಿಗೆ ಒಂದು ಉಪಾಯ ಹೊಳೆದಿತ್ತು.

“ಸಿಪಾಯಿ ಲೂನಾ,” ಎಂದ, ಪ್ರತಿ ಅಕ್ಷರವನ್ನೂ ಜಗಿದು. “ಅಟ್ಟಣೆ ಹತ್ತಿ. ಸಂಜೆಯವರೆಗೆ ಇಳಿಯುವಂತಿಲ್ಲ. ಆ ಮೂವತ್ತು ಜನ ಅಷ್ಟೇ ಇರಲಾರರು, ಹಿಂದೆ ಇನ್ನೂ ಇರುತ್ತಾರೆ. ಧೂಳು ಕಂಡ ಕೂಡಲೆ ಕೂಗಬೇಕು. ರಾತ್ರಿಯೇ ಆಳು ಕಳಿಸಿ ಆಚೆಯ ಇನ್ನೊಂದು ಕೋಟೆಯಿಂದ ಕುದುರೆ ತರಿಸಿದ್ದೇನೆ. ಈ ಸಲ ಬಿಡುವುದಿಲ್ಲ.”

ಅಟ್ಟಣೆಯೆಂದರೆ ನಾಲ್ಕು ಕಂಬ, ಮೇಲೊಂದು ಹಲಗೆ. ಗಾಳಿಗೆ ಹಡಗಿನಂತೆ ತೂಗುತ್ತಿತ್ತು. ಗಂಡಸರೂ ಅಲ್ಲಿ ಎರಡು ತಾಸಿಗಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ತೊರಿಬಿಯಾ ಬಂದೂಕು ಬೆನ್ನಿಗೆ ಹಾಕಿಕೊಂಡು ಹತ್ತಿದಳು. ಮೇಲೆ ಕಾಲು ಚಾಚಿ ಕುಳಿತು ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡಳು. ಅಷ್ಟು ದೊಡ್ಡ ಬಯಲನ್ನು ಅವಳು ಎಂದೂ ಒಟ್ಟಿಗೆ ನೋಡಿರಲಿಲ್ಲ. ನೋಡಿದಷ್ಟೂ ಇತ್ತು. ಶಿಳ್ಳೆ ಹಾಕಿದಳು.

ಮಧ್ಯಾಹ್ನದ ಹೊತ್ತಿಗೆ ಪಡುವಣದಲ್ಲಿ ಒಂದು ಸಣ್ಣ ಧೂಳು ಎದ್ದಿತು. ನಿಧಾನವಾದ ಧೂಳು. ಅವಳು ಅಂಗೈಯನ್ನು ಹುಬ್ಬಿಗೆ ಹಿಡಿದಳು. ಏಳೆಂಟು ಕುದುರೆ, ಎರಡು ಕುದುರೆಗಳ ನಡುವೆ ಕಟ್ಟಿದ ಚರ್ಮದ ಜೋಲಿ, ಜೋಲಿಯಲ್ಲಿ ಯಾರೋ ಮಲಗಿದ್ದರು. ದಕ್ಷಿಣಕ್ಕೆ ಹೋಗುತ್ತಿದ್ದರು. ಒಂದು ಕೂಗು ಹಾಕಿದರೆ ಸಂಜೆಯೊಳಗೆ ಸಿಕ್ಕಿಬೀಳುವಷ್ಟು ನಿಧಾನ.

ಕೆಳಗೆ ಕಪ್ತಾನ ಬಂದು ನಿಂತ. ಪಕ್ಕದಲ್ಲಿ ಮೆಲಿತೋನ್ ಹೊಸ ಕುದುರೆಯ ಲಗಾಮು ಹಿಡಿದಿದ್ದ.

“ಸಿಪಾಯಿ ಲೂನಾ. ಏನು ಕಾಣುತ್ತಿದೆ?”

ತೊರಿಬಿಯಾ ಎದ್ದು ನಿಂತು, ಹಿಮ್ಮಡಿ ಜೋಡಿಸಿ, ಸಲಾಂ ಮಾಡಿದಳು.

“ಹುಲ್ಲು ಸ್ವಾಮಿ.”

“ಸರಿಯಾಗಿ ನೋಡಿ.”

ಅವಳು ಸರಿಯಾಗಿ ನೋಡಿದಳು. ಜೋಲಿಯ ಪಕ್ಕದಲ್ಲಿ ನಡೆಯುತ್ತಿದ್ದ ಒಂದು ಆಕೃತಿ ನಿಂತು, ಬಾಗಿ, ಮಲಗಿದವನ ಮೇಲೆ ಹೊದಿಕೆ ಸರಿಮಾಡಿ ಮತ್ತೆ ನಡೆಯಿತು.

“ಬರೀ ಹುಲ್ಲೇ ಸ್ವಾಮಿ,” ಎಂದಳು ಸಿಪಾಯಿ ಲೂನಾ. “ಗಾಳಿಗೆ ವಸಿ ಅಲ್ಲಾಡ್ತೈತೆ ಅಷ್ಟೇಯ.”